ಬಿಚ್ಚಿ ನೋಡುವ ಆಸೆ



"ನಿನ್ನ ವಯಸ್ಸಿನಲ್ಲಿ ನಾವು ಕೈಯಾರೆ ರೇಡಿಯೋ ಮಾಡುತ್ತಿದ್ದೆವು. ನೀನು ಮೊಬೈಲ್ ಒತ್ತುತ್ತಾ ಕೂತಿದ್ದೀಯ" ಎಂದು ಮೊಮ್ಮಕ್ಕಳನ್ನು ಗದರುವ ಅಜ್ಜಂದಿರು ನಿಮ್ಮ ಮನೆಯಲ್ಲೂ ಇರಬಹುದು. ಈ ಗದರಿಕೆ ನ್ಯಾಯವೇ?

ಅಜ್ಜನ ಮಾತು ಸುಳ್ಳಲ್ಲ. ಒಂದು ಡಯೋಡು, ತಾಮ್ರದ ತಂತಿಯ ಸುರುಳಿ, ಒಂದು ಕಂಡೆನ್ಸರು, ಕಿವಿಗೆ ಹೆಡ್‌ಫೋನು, ಹೊರಗೆ ಉದ್ದನೆಯ ಏರಿಯಲ್ಲು ಇದ್ದರೆ ಕ್ರಿಸ್ಟಲ್ ರೇಡಿಯೋ ಹಾಡುತ್ತಿತ್ತು. ಬ್ಯಾಟರಿಯೂ ಬೇಡ, ನಿಲಯದಿಂದ ಬರುವ ಅಲೆಯ ಶಕ್ತಿಯೇ ಸಾಕು. ಆದರೆ ಆಗ ರೇಡಿಯೋ ಕೊಳ್ಳುವುದಕ್ಕಿಂತ ಜೋಡಿಸುವುದು ಅಗ್ಗವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುತ್ತಾ ಅಲೆದವರಲ್ಲಿ ಕುತೂಹಲವೂ ಇತ್ತು, ಖಾಲಿ ಜೇಬೂ ಇತ್ತು. ಮುಂದೆ ಕಾರ್ಖಾನೆಯ ಸರಕೇ ಅಗ್ಗವಾಯಿತು. ಮನೆಯಲ್ಲೇ ಜೋಡಿಸುವ ಕಿಟ್‌ಗಳಿಗೆ ಹೆಸರಾಗಿದ್ದ ಅಮೆರಿಕದ ಹೀತ್‌ಕಿಟ್ ಕಂಪನಿ 1992ರಲ್ಲಿ ಅವುಗಳನ್ನು ನಿಲ್ಲಿಸಿತು.

ವಸ್ತುಗಳೂ ಬಾಯಿ ಮುಚ್ಚಿಕೊಂಡಿವೆ. ಹಳೆಯ ರೇಡಿಯೋದ ವಾಲ್ವು ಕಣ್ಣಿಗೆ ಕಾಣುತ್ತಿತ್ತು, ಕಿತ್ತು ಬದಲಾಯಿಸಬಹುದಿತ್ತು. ಇಂದಿನ ಫೋನಿನೊಳಗೆ ಸಾಸಿವೆಗಿಂತ ಚಿಕ್ಕ ಭಾಗಗಳನ್ನು ಯಂತ್ರವೇ ಕೂರಿಸಿ, ಮೇಲೆ ಗೋಂದು ಹಾಕಿ ಮುಚ್ಚಿರುತ್ತಾರೆ. ಅದನ್ನು ಬಿಚ್ಚಲಿಲ್ಲವೆಂದು ಮಗುವನ್ನು ದೂರುವುದೇ? ತೆಳ್ಳಗಿನ ಫೋನೇ ಬೇಕೆಂದು ಆರಿಸಿದವರು ನಾವು, ದೊಡ್ಡವರು.

ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ, ಜ್ಞಾನದ ಆಸೆಯನ್ನು ಹದದಲ್ಲಿಡುವ ಒಂದು ಸದ್ಗುಣದ ಬಗ್ಗೆ ಬರೆದರು. ಆತ್ಮಕ್ಕೆ ತಿಳಿಯುವ ಆಸೆ, ದೇಹಕ್ಕೆ ಆ ಶ್ರಮ ಬೇಡ. ಈ ಸದ್ಗುಣವು ಅತಿಯಾಸೆಗೆ ಕಡಿವಾಣ ಹಾಕುತ್ತದೆ, ಹಿಂಜರಿಯುವ ದೇಹವನ್ನು ಮುಂದಕ್ಕೂ ತಳ್ಳುತ್ತದೆ. ಅಜ್ಜನ ಕಾಲದಲ್ಲಿ ಆ ತಳ್ಳುವ ಕೆಲಸವನ್ನು ಅರ್ಧ ಬಡತನವೇ ಮಾಡುತ್ತಿತ್ತು. ಮೊಮ್ಮಕ್ಕಳಿಗೆ ಆ ಸಹಾಯವಿಲ್ಲ.

ಈಗ ಇದನ್ನು ಯೋಚಿಸಿ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪುಗೊಂಡ ಆರ್ಡುಯಿನೋ ಎಂಬ ಪುಟ್ಟ ಬೋರ್ಡನ್ನು ಮೊಮ್ಮಗಳು ತಂದು, ರಾತ್ರಿ ಕೂತು, ಒಂದು ಎಲ್‌ಇಡಿ ದೀಪ ಮಿನುಗಿಸಿದಳು ಎನ್ನಿ. "ಇದರಿಂದೇನು ಪ್ರಯೋಜನ? ಅಂಗಡಿಯಲ್ಲೇ ಸಿಗುತ್ತದಲ್ಲ?" ಎನ್ನುವವರೂ ಅದೇ ಅಜ್ಜಂದಿರು! ಪ್ರಯೋಜನವಿಲ್ಲದೆಯೂ ಕೂತಳಲ್ಲ, ಅವಳ ಆಸೆ ಅಜ್ಜನದಕ್ಕಿಂತ ಶುದ್ಧವೆನ್ನಲು ನನಗೆ ಸಂಕೋಚವಿಲ್ಲ. ಯಾರೋ ಬರೆದ ಪ್ರೋಗ್ರಾಂ ನಕಲು ಮಾಡಿದ್ದಾಳೆಯೇ? ಅಜ್ಜನೂ ಪತ್ರಿಕೆಯ ಸರ್ಕ್ಯೂಟ್ ನೋಡಿಯೇ ಮಾಡಿದ್ದು.

ದೀಪಕ್ಕೆ ರೆಸಿಸ್ಟರ್ ಏಕೆ ಬೇಕೆಂದು ಅವಳನ್ನು ಕೇಳಿ ನೋಡಿ. ಗೊತ್ತಿಲ್ಲವೆಂದರೆ ಅಜ್ಜನನ್ನು ಪಕ್ಕದಲ್ಲಿ ಕೂರಿಸಿ. ಕರೆಂಟು ಮಿತಿಮೀರಿದರೆ ಏನೇನು ಸುಡುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.