ಮೂರನೆಯವನ ಅಧಿಕಾರ

ಇಬ್ಬರು ತಮ್ಮೊಳಗೆ ಮಾತುಕೊಟ್ಟು ಒಂದು ಕಾರ್ಯಕ್ಕೆ ತೊಡಗಿ, ನಡುವೆ ಮನಸ್ತಾಪ ಹುಟ್ಟಿ, ತಮ್ಮ ನ್ಯಾಯವನ್ನು ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವನೊಬ್ಬನ ಮುಂದಿಟ್ಟಾಗ, ಆ ಮೂರನೆಯವನಿಗೆ ತೀರ್ಪು ಹೇಳುವ ಅಧಿಕಾರ ಎಲ್ಲಿಂದ ಬಂದಿತು? ಅರಸನ ಕೈಯಲ್ಲಿ ದಂಡವುಂಟು. ದೈವದ ನುಡಿಗೆ ಭಯಭಕ್ತಿಗಳ ಬೆಂಬಲವುಂಟು. ನ್ಯಾಯಾಲಯದ ಹಿಂದೆ ರಾಜ್ಯವೇ ನಿಂತಿರುತ್ತದೆ. ಮಧ್ಯಸ್ಥನಿಗಾದರೋ ಇವುಗಳಲ್ಲಿ ಒಂದೂ ಸ್ವಂತದ್ದಲ್ಲ. ಆದರೂ ಇಂದು ದೇಶದೇಶದ ಕಂಪೆನಿಗಳು ಸಮುದ್ರ ದಾಟಿ ಬಂದು ಹೆದ್ದಾರಿ, ಬಂದರು, ಸುರಂಗ, ಸೇತುವೆಗಳನ್ನು ಕಟ್ಟುತ್ತಿರುವಾಗ, ನೂರಾರು ಕೋಟಿ ರೂಪಾಯಿಗಳ ವ್ಯಾಜ್ಯಗಳು ಇಂಥ ಮಧ್ಯಸ್ಥರ ಮುಂದೆಯೇ ಇತ್ಯರ್ಥವಾಗುತ್ತಿವೆ. 1958ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಡಂಬಡಿಕೆಗೆ ಸಹಿಹಾಕಿದ ರಾಷ್ಟ್ರಗಳು ಪರದೇಶದಲ್ಲಿ ಕೊಟ್ಟ ಐತೀರ್ಪನ್ನು ತಮ್ಮ ನೆಲದಲ್ಲಿಯೂ ಜಾರಿಗೊಳಿಸಲು ಒಪ್ಪಿವೆ. ಇದನ್ನು ವಕೀಲರ ವಿಷಯವೆಂದು ಬದಿಗಿಡುವುದು ಸುಲಭ. ಆದರೆ ಮನುಷ್ಯನ ಮಾತಿಗೂ ನ್ಯಾಯಕ್ಕೂ ಇರುವ ಸಂಬಂಧವೆಂಬ, ಧರ್ಮಶಾಸ್ತ್ರಕಾರರನ್ನು ಬಹುಕಾಲ ಕಾಡಿದ ಪ್ರಶ್ನೆಯೇ ಇದರ ಒಳಗೆ ಕುಳಿತಿದೆಯೆಂದು ನನಗೆ ತೋರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯಲ್ಲಿ ನ್ಯಾಯತೀರ್ಮಾನವೆಂಬುದು ಕಚೇರಿಗಿಂತ ಮೊದಲು ಗುತ್ತಿನ ಚಾವಡಿಯಲ್ಲಿಯೂ ದೈವದ ಕೊಡಿಯಡಿಯಲ್ಲಿಯೂ ನಡೆಯುತ್ತಿದ್ದ ಸಂಗತಿ. ನೇಮದ ಇರುಳು ದೈವವು ನುಡಿಕೊಟ್ಟಾಗ ದಾಯಾದಿಗಳು ತಲೆಬಾಗಿದ್ದುಂಟು. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಉಭಯ ಪಕ್ಷದವರೂ ನಿಂತು ತಂಟೆ ಮುಗಿಸಿಕೊಂಡು ಮನೆಗೆ ಹೋಗುವ ಪದ್ಧತಿಯುಂಟು. ಎಲ್ಲಿಯೂ ಬಗೆಹರಿಯದ ಸತ್ಯವನ್ನು ಕಾಸರಗೋಡಿನ ಕಾನತ್ತೂರಿನಲ್ಲಿ ಆಣೆಯಿಟ್ಟು ತೀರ್ಮಾನಿಸಿಕೊಳ್ಳುವ ನಂಬಿಕೆಯೂ ಉಂಟು. ಈ ಎಲ್ಲ ಕಡೆಗಳಲ್ಲಿಯೂ ವಾದಿ ಪ್ರತಿವಾದಿಗಳಿಬ್ಬರೂ ನಂಬುವ ಒಂದು ಶಕ್ತಿ ಅವರಿಬ್ಬರಿಗಿಂತ ಮೇಲೆ ಇರುವುದರಿಂದ, ಸುಳ್ಳಾಡಿದವನಿಗೆ ಊರಿನ ಕಣ್ಣನ್ನು ತಪ್ಪಿಸಿದರೂ ಆ ಶಕ್ತಿಯ ಕಣ್ಣನ್ನು ತಪ್ಪಿಸಲಾಗದೆಂಬ ಅಂಜಿಕೆ ಉಳಿದೇ ಇರುತ್ತದೆ. ಕೊರಿಯದ ಒಂದು ಕಂಪೆನಿಗೂ ದೆಹಲಿಯ ಒಂದು ಪ್ರಾಧಿಕಾರಕ್ಕೂ ಇಂಥ ಸಮಾನವಾದ ದೈವವಿಲ್ಲ, ಭಾಷೆಯಿಲ್ಲ, ಊರಿಲ್ಲ. ಅವರಿಬ್ಬರಿಗೂ ಸೇರಿದ್ದು ಒಂದೇ ಒಂದು, ತಾವೇ ಬರೆದು ಸಹಿಹಾಕಿದ ಕರಾರುಪತ್ರ. ದೈವಕ್ಕೂ ಊರಿಗೂ ಹಂಚಿಹೋಗಿದ್ದ ಭಾರವೆಲ್ಲ ಇಲ್ಲಿ ಆ ಕಾಗದದ ಮೇಲೆ ಬಂದು ಕೂತಿರುವುದು.

ಕರ್ಣಾಟಕದ ನೆಲದಲ್ಲಿಯೇ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ವ್ಯವಹಾರಾಧ್ಯಾಯದಲ್ಲಿ ತೀರ್ಪು ಕೊಡುವವನ ವಿಷಯವನ್ನು ಬಹು ಸೂಕ್ಷ್ಮವಾಗಿ ನೋಡುತ್ತದೆ. ಅರಸನು ನೇಮಿಸಿದ ಸಭ್ಯರು, ಊರಿನ ಪೂಗ, ಒಂದೇ ಕಸುಬಿನವರ ಶ್ರೇಣಿ, ಬಂಧುಗಳ ಕುಲ ಎಂದು ನ್ಯಾಯಸ್ಥಾನಗಳನ್ನು ಅದು ತರತಮದಿಂದ ಎಣಿಸುವುದರಿಂದ, ಕಸುಬಿನವರ ವ್ಯಾಜ್ಯವನ್ನು ಕಸುಬು ಬಲ್ಲವರೇ ತೀರಿಸಬೇಕೆಂಬ ವಿವೇಕ ನಮ್ಮವರಿಗೆ ಹೊಸದಲ್ಲ. ಬರೆಹ, ಅನುಭೋಗ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳಲ್ಲಿ ಯಾವುದೊಂದೂ ಸಿಕ್ಕದಿದ್ದಾಗ ಮಾತ್ರ ದಿವ್ಯಪ್ರಮಾಣಕ್ಕೆ ಹೋಗತಕ್ಕದ್ದೆಂಬ ನಿಯಮವೂ ಅಲ್ಲಿದೆ. ಪ್ರೀತಿಯಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಅನ್ಯಾಯದ ತೀರ್ಮಾನ ಕೊಟ್ಟ ಸಭ್ಯರಲ್ಲಿ ಒಬ್ಬೊಬ್ಬನಿಗೂ ಸೋತವನ ದಂಡದ ಇಮ್ಮಡಿಯನ್ನು ವಿಧಿಸಬೇಕೆಂದು ಹೇಳುವ ಸ್ಮೃತಿಕಾರನು, ತೀರ್ಪು ಕೊಡುವವನ ಅಧಿಕಾರಕ್ಕಿಂತ ಅವನ ಹೊಣೆಯನ್ನೇ ಹೆಚ್ಚಾಗಿ ಚಿಂತಿಸಿದನೆಂಬುದು ಸ್ಪಷ್ಟ. ಹಲವರು ಸೇರಿ ನಡೆಸುವ ಕೆಲಸಗಳ ವ್ಯಾಜ್ಯವನ್ನು ಸಂಭೂಯಸಮುತ್ಥಾನವೆಂಬ ಬೇರೆಯೇ ವ್ಯವಹಾರಪದವಾಗಿ ಎಣಿಸಿ, ಮನೆಯನ್ನೋ ದೇವಾಲಯವನ್ನೋ ಕಟ್ಟುವ ಕುಶಲರಲ್ಲಿ ಮುಖ್ಯನಾದವನಿಗೆ ಎರಡು ಪಾಲು ಸಲ್ಲಬೇಕೆಂದು ಇನ್ನೊಬ್ಬ ಸ್ಮೃತಿಕಾರನಾದ ಬೃಹಸ್ಪತಿ ವಿಧಿಸಿರುವುದನ್ನು ನೋಡಿದರೆ, ಕಟ್ಟಡದ ಜಗಳ ಕಟ್ಟಡದಷ್ಟೇ ಪುರಾತನವೆಂದು ಹೇಳಬಹುದು.

ಈಗ ಪ್ರಶ್ನೆಯ ಮರ್ಮಕ್ಕೆ ಬರೋಣ. ಮಾತು ಕೊಡುವುದು ಮನುಷ್ಯ. ಆದರೆ ಆ ಮಾತನ್ನು ನಡೆಸಬೇಕಾದದ್ದು ನೆಲದ ಮೇಲೆ, ಮತ್ತು ನೆಲ ಯಾರಿಗೂ ಮಾತು ಕೊಟ್ಟಿಲ್ಲ. ನಮ್ಮ ಕಡೆಯ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲಿನ ಹಾಸು. ಅದನ್ನು ಕಡಿದು ಒಳಗಿಳಿದರೆ ಬಿಳಿ, ಹಳದಿ, ನೇರಿಳೆ ಬಣ್ಣಗಳ ಶೇಡಿಮಣ್ಣು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಈ ಮಣ್ಣು ಮಳೆಗಾಲದ ನೀರು ಕುಡಿದೊಡನೆ ಕರಗಿ ಜಾರಿ, ಮೇಲಿನ ಕಲ್ಲನ್ನೂ ಕೆಳಗೆ ತರುತ್ತದೆ. ಹೊರದೇಶದಿಂದ ಬಂದ ಗುತ್ತಿಗೆದಾರನು ಮೇಲಿನ ಮುರಕಲ್ಲನ್ನು ಕಂಡು ದರ ಕಟ್ಟಿ, ಗುಡ್ಡವನ್ನು ಕಡಿದ ಮೇಲೆ ಶೇಡಿಯನ್ನು ಕಂಡನೆಂದು ಇಟ್ಟುಕೊಳ್ಳೋಣ. ತಡೆಗೋಡೆಯ ವೆಚ್ಚವನ್ನು ಯಾರು ಹೊರಬೇಕು? ಒಪ್ಪಿದ ಹಣಕ್ಕೆ ಒಪ್ಪಿದ ಕೆಲಸವೆಂದು ಒಬ್ಬನು ಹೇಳುವನು. ನಾನು ಒಪ್ಪಿದ ನೆಲವೇ ಇದಲ್ಲವೆಂದು ಇನ್ನೊಬ್ಬನು ಹೇಳುವನು. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವಿದೆ.

1913ರಲ್ಲಿ ಯುರೋಪಿನ ಎಂಜಿನಿಯರುಗಳು ಕಟ್ಟಿಕೊಂಡ ಫಿಡಿಕ್ ಎಂಬ ಒಕ್ಕೂಟವು 1957ರಲ್ಲಿ ಮೊದಲು ಪ್ರಕಟಿಸಿದ ಮಾದರಿ ಕರಾರು, ಮುಂದೆ ಕೆಂಪು ಪುಸ್ತಕವೆಂದೇ ಪ್ರಸಿದ್ಧವಾದದ್ದು, ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ: ಅನುಭವಸ್ಥನಾದ ಗುತ್ತಿಗೆದಾರನೊಬ್ಬನು ದರ ಕಟ್ಟುವ ಹೊತ್ತಿಗೆ ಊಹಿಸಲು ಶಕ್ಯವಿಲ್ಲದಿದ್ದ ನೆಲದ ಸ್ಥಿತಿ ಎದುರಾದರೆ, ಅವನಿಗೆ ಕಾಲಾವಕಾಶವೂ ತಗುಲಿದ ವೆಚ್ಚವೂ ಸಲ್ಲತಕ್ಕದ್ದು. ಉತ್ತರ ನ್ಯಾಯವಾದದ್ದೇ. ಆದರೆ ಊಹಿಸಲು ಶಕ್ಯವೇ ಅಲ್ಲವೇ ಎಂಬುದನ್ನು ಯಾರ ಅರಿವಿನಿಂದ ಅಳೆಯಬೇಕು? ನಮ್ಮ ಸೀಮೆಯ ಮಿಜಾರಿನ ಸುತ್ತಮುತ್ತ ಬಾವಿ ತೋಡುವ ಯಾವ ಕೂಲಿಯವನನ್ನು ಕೇಳಿದರೂ ಮುರಕಲ್ಲಿನ ಕೆಳಗೆ ಶೇಡಿಯಿರುವುದೆಂದು ಹೇಳಿಯಾನು. ದೂರದ ನಗರದಲ್ಲಿ ಕುಳಿತು ನಕ್ಷೆಯನ್ನು ಮಾತ್ರ ನೋಡಿದ ತಜ್ಞನಿಗೆ ಅದು ಅನಿರೀಕ್ಷಿತ. ನನ್ನ ಅಭಿಪ್ರಾಯದಲ್ಲಿ, ಕೇಳಿದ್ದರೆ ತಿಳಿಯಬಹುದಾಗಿದ್ದುದನ್ನು ಕೇಳದೆ ಬಿಟ್ಟವನು ಆ ಅಜ್ಞಾನದ ಬೆಲೆಯನ್ನು ಎದುರು ಪಕ್ಷದಿಂದ ಬೇಡುವುದು ತರವಲ್ಲ; ಅಂತೆಯೇ ನೆಲದ ಪರೀಕ್ಷೆಯ ವರದಿಯನ್ನು ಕೈಯಲ್ಲಿಟ್ಟುಕೊಂಡೂ ತೋರಿಸದಿದ್ದ ಮಾಲಿಕನು ಗುತ್ತಿಗೆದಾರನ ಅಜ್ಞಾನವನ್ನು ಎತ್ತಿ ಆಡುವುದೂ ತರವಲ್ಲ.

ಇದೇ ಮಾದರಿ ಕರಾರಿನ 1999ರ ಆವೃತ್ತಿಯಲ್ಲಿ ಇನ್ನೆರಡು ಕಟ್ಟಳೆಗಳಿವೆ. ಅದುವರೆಗೆ ತಂಟೆಗಳನ್ನು ಮೊದಲು ತೀರ್ಮಾನಿಸುತ್ತಿದ್ದವನು ಕೆಲಸ ಮಾಡಿಸುವ ಪಕ್ಷದಿಂದಲೇ ಸಂಬಳ ಪಡೆಯುವ ಎಂಜಿನಿಯರು. ಅನ್ನದ ಋಣವನ್ನೂ ಸಮದೃಷ್ಟಿಯನ್ನೂ ಒಬ್ಬನಿಂದಲೇ ನಿರೀಕ್ಷಿಸುವುದು ಕಠಿನವೆಂದು ತಿಳಿದು, ಉಭಯಸಮ್ಮತವಾದ ಒಂದು ಮಂಡಳಿಯನ್ನು ಆ ಸ್ಥಾನದಲ್ಲಿ ಕೂರಿಸಲಾಯಿತು. ಅದು 84 ದಿನಗಳೊಳಗಾಗಿ ತನ್ನ ನಿರ್ಣಯ ಕೊಡಬೇಕು. ಒಪ್ಪದವನು 28 ದಿನಗಳಲ್ಲಿ ತಿಳಿಸಿ ಮುಂದೆ ಮಧ್ಯಸ್ಥಿಕೆಗೆ ಹೋಗಬಹುದು. ಕೆಲಸ ನಡೆಯುತ್ತಿರುವಾಗಲೇ, ಗುಂಡಿ ಮುಚ್ಚುವ ಮೊದಲೇ, ಕಂಡವರ ನೆನಪು ಹಸಿಯಾಗಿರುವಾಗಲೇ ನ್ಯಾಯ ನೋಡುವ ಈ ಏರ್ಪಾಡು ನಿಜಕ್ಕೂ ಸ್ತುತ್ಯರ್ಹವಾದದ್ದು. ಎರಡನೆಯ ಕಟ್ಟಳೆಯ ಬಗ್ಗೆ ಮಾತ್ರ ನನ್ನ ಮನಸ್ಸು ಸಮಾಧಾನಗೊಳ್ಳದು. ನಷ್ಟದ ಕಾರಣ ತಿಳಿದ 28 ದಿನಗಳೊಳಗೆ ಗುತ್ತಿಗೆದಾರನು ಸೂಚನೆ ಕೊಡದೆಹೋದರೆ, ಅವನ ಹಕ್ಕು ಎಷ್ಟೇ ನಿಜವಾಗಿದ್ದರೂ ಅಲ್ಲಿಗೆ ಮುಗಿಯಿತು. ಮಾಲಿಕನು ಸಕಾಲದಲ್ಲಿ ವಿಷಯ ತಿಳಿದು ಪರಿಹಾರ ಹುಡುಕುವಂತಾಗಲಿ ಎಂಬುದು ಇದರ ಉದ್ದೇಶ; ಉದ್ದೇಶ ಸಾಧುವಾದದ್ದೇ. ಆದರೆ ಮಾಲಿಕನ ಪ್ರತಿನಿಧಿಗಳು ನಿತ್ಯವೂ ಅದೇ ಗುಡ್ಡದ ಕೆಳಗೆ ನಿಂತು ಜರಿದ ಮಣ್ಣನ್ನು ಕಣ್ಣಾರೆ ಕಂಡಿದ್ದ ಪಕ್ಷದಲ್ಲಿ, ಕಾಗದ ಬರಲಿಲ್ಲವೆಂಬ ಕಾರಣದಿಂದ ಸತ್ಯವು ಸತ್ಯವಲ್ಲದೆಹೋದೀತೆ? ಗಲ್ಫ್ ದೇಶಗಳ ಕಟ್ಟಡಗಳಲ್ಲಿ ಬಾಳನ್ನು ಸವೆಸುತ್ತಿರುವ ನಮ್ಮ ಜಿಲ್ಲೆಯ ಎಂಜಿನಿಯರುಗಳೂ ಮೇಸ್ತ್ರಿಗಳೂ ದಿನಚರಿ ಬರೆಯುವ ಶಿಸ್ತನ್ನು ಇಂಥ ಕಟ್ಟಳೆಗಳಿಂದಲೇ ಕಲಿತಿರುವರೆಂಬುದನ್ನು ಒಪ್ಪಿದರೂ, ಕಾಲದ ಗಡುವು ಸತ್ಯದ ಮೇಲೆ ಯಜಮಾನಿಕೆ ಮಾಡುವುದು ನನಗೆ ಒಪ್ಪಿಗೆಯಾಗದು.

ಮೂರನೆಯವನ ಅಧಿಕಾರಕ್ಕೆ ಎಲ್ಲೆಯೆಲ್ಲಿ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2019ರ ಮೇ 8ರಂದು ಹೇಳಿದ ಒಂದು ತೀರ್ಪು ಮನಗಾಣಿಸುತ್ತದೆ. ಕೊರಿಯದ ಸಾಂಗ್‌ಯಾಂಗ್ ಎಂಜಿನಿಯರಿಂಗ್ ಕಂಪೆನಿಯು ಮಧ್ಯಪ್ರದೇಶದಲ್ಲಿ ಅಂದಿನ ರಾಷ್ಟ್ರೀಯ ಹೆದ್ದಾರಿ 26ರ ಮೇಲೆ ಚತುಷ್ಪಥದ ಬೈಪಾಸು ಕಟ್ಟಿಕೊಡಲು 2006ರಲ್ಲಿ ಹೆದ್ದಾರಿ ಪ್ರಾಧಿಕಾರದೊಡನೆ ಕರಾರು ಮಾಡಿಕೊಂಡಿತ್ತು. ಸಿಮೆಂಟು, ಉಕ್ಕು ಮೊದಲಾದವುಗಳ ಬೆಲೆ ಏರಿದಂತೆ ಪಾವತಿಯೂ ಏರಬೇಕೆಂಬ ಸೂತ್ರ ಅದರಲ್ಲಿತ್ತು. ಆ ಸೂತ್ರಕ್ಕೆ ಆಧಾರ ಸರ್ಕಾರದ ಸಗಟು ಬೆಲೆ ಸೂಚ್ಯಂಕ. 2010ರಲ್ಲಿ ಸೂಚ್ಯಂಕದ ಮೂಲವರ್ಷ 1993-94ರಿಂದ 2004-05ಕ್ಕೆ ಬದಲಾಯಿತು. ಕೆಲಕಾಲ ಹೊಸ ಸೂಚ್ಯಂಕದಂತೆಯೇ ಹಣ ಸಂದಾಯವಾದ ಮೇಲೆ, 2013ರಲ್ಲಿ ಪ್ರಾಧಿಕಾರವು ಹಳೆಯದಕ್ಕೂ ಹೊಸದಕ್ಕೂ ಕೊಂಡಿ ಹಾಕುವ ಒಂದು ಗುಣಕವನ್ನು ಸುತ್ತೋಲೆಯ ಮೂಲಕ ತಂದಿತು, ಕಂಪೆನಿ ಒಪ್ಪಲಿಲ್ಲ. ಮೂವರು ಮಧ್ಯಸ್ಥರಲ್ಲಿ ಇಬ್ಬರು, ಯಾವ ಪಕ್ಷವೂ ಸಲ್ಲಿಸದಿದ್ದ ಕೆಲವು ಸರ್ಕಾರಿ ಮಾರ್ಗಸೂಚಿಗಳನ್ನು ತಾವೇ ತರಿಸಿ ನೋಡಿ, ಅವುಗಳ ಆಧಾರದ ಮೇಲೆ ಗುಣಕವನ್ನು ಎತ್ತಿಹಿಡಿದರು. ಮೂರನೆಯವರು ಒಪ್ಪದೆ ಭಿನ್ನವಾದ ತೀರ್ಮಾನ ಬರೆದರು. ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಎರಡು ಸಲವೂ ಕಂಪೆನಿಗೆ ಸೋಲಾಯಿತು.

ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರು ಬರೆದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಎರಡು ಕಾರಣಗಳಿಂದ ಬಹುಮತದ ಐತೀರ್ಪನ್ನು ರದ್ದುಗೊಳಿಸಿತು. ಪಕ್ಷದವರಿಗೆ ತೋರಿಸದ, ಅವರು ಉತ್ತರ ಕೊಡಲಾಗದ ಕಾಗದವನ್ನು ನೆಚ್ಚಿ ತೀರ್ಪು ಕೊಟ್ಟದ್ದು ಒಂದು. ಒಬ್ಬನು ಏಕಪಕ್ಷೀಯವಾಗಿ ತಂದ ಬದಲಾವಣೆಯನ್ನು ಒಪ್ಪದವನ ಮೇಲೆ ಹೊರಿಸಿ, ಇಬ್ಬರೂ ಮಾಡದಿದ್ದ ಹೊಸ ಕರಾರನ್ನು ಮಧ್ಯಸ್ಥರೇ ಸೃಷ್ಟಿಸಿದ್ದು ಇನ್ನೊಂದು. ಈ ಎರಡನೆಯದು ನ್ಯಾಯದ ತೀರ ಮೂಲಭೂತವಾದ ಕಲ್ಪನೆಗೇ ವಿರುದ್ಧವೆಂದು ಪೀಠವು ಕಂಡಿತು. ಸಂವಿಧಾನದ 142ನೆಯ ವಿಧಿಯ ಬಲದಿಂದ ಅಲ್ಪಮತದ ತೀರ್ಮಾನವನ್ನೇ ಊರ್ಜಿತಗೊಳಿಸಿತು. ಗುಣಕವು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಸರಿಯಾಗಿದ್ದಿರಲೂಬಹುದು. ಆ ಇಬ್ಬರು ಮಧ್ಯಸ್ಥರು ಸದ್ಬುದ್ಧಿಯಿಂದಲೇ, ಹೆಚ್ಚು ವಿವೇಕದ ಮಾರ್ಗವಿದೆಂದು ನಂಬಿಯೇ ಹಾಗೆ ಮಾಡಿದ್ದಿರಬಹುದು. ಪ್ರಶ್ನೆ ಅದಲ್ಲ. ಇಬ್ಬರ ಮಾತಿನಿಂದ ಹುಟ್ಟಿದ ಅಧಿಕಾರವು ಆ ಮಾತನ್ನೇ ತಿದ್ದತೊಡಗಿದರೆ, ಅದು ತನ್ನ ಹುಟ್ಟಿನ ನೆಲೆಯನ್ನೇ ಕಳೆದುಕೊಂಡ ಹಾಗಾಯಿತು. ನಮ್ಮ 1996ರ ಮಧ್ಯಸ್ಥಿಕೆ ಕಾಯಿದೆಯೂ, ಉಭಯ ಪಕ್ಷದವರು ಸ್ಪಷ್ಟವಾಗಿ ಅನುಮತಿಸಿದಲ್ಲಿ ಮಾತ್ರವೇ ಮಧ್ಯಸ್ಥನು ಕೇವಲ ಧರ್ಮಬುದ್ಧಿಯನ್ನು ಅನುಸರಿಸಿ ತೀರ್ಮಾನಿಸಬಹುದೆಂದು ತನ್ನ 28ನೆಯ ಪ್ರಕರಣದಲ್ಲಿ ಹೇಳಿದೆ. ಮೊದಲು ಓದಿದಾಗ ಧರ್ಮಬುದ್ಧಿಗೂ ಅನುಮತಿ ಬೇಕೆಂಬುದು ವಿಚಿತ್ರವಾಗಿ ಕಾಣುವುದು. ಆದರೆ ಪರರು ತಮ್ಮ ವಿಶ್ವಾಸವಿಟ್ಟು ಒಪ್ಪಿಸಿದ ಸ್ಥಾನದಲ್ಲಿ ಕುಳಿತವನು ತನ್ನ ಸದ್ಗುಣಕ್ಕೂ ಕಡಿವಾಣ ಹಾಕಿಕೊಳ್ಳಬೇಕಾದ ಪ್ರಸಂಗಗಳುಂಟು.

ಈ ಕಡಿವಾಣವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 1430ರಲ್ಲಿ ಎದ್ದ ಸಾವಿರಕಂಬದ ಬಸದಿಯ ಊರಾದ ಮೂಡುಬಿದಿರೆಗೆ ಜೈನರ ಅನೇಕಾಂತವು ಅಪರಿಚಿತವಾದ ದರ್ಶನವಲ್ಲ. ವಸ್ತುವಿಗೆ ಅನೇಕ ಧರ್ಮಗಳುಂಟು, ಒಂದೊಂದು ನಯದಿಂದ, ಅಂದರೆ ದೃಷ್ಟಿಯಿಂದ, ಒಂದೊಂದು ತೋರುವುದು ಎಂಬ ಆ ವಿಚಾರವನ್ನು, ಎಲ್ಲರೂ ಸರಿಯೆಂಬ ಸಡಿಲವಾದ ಮಾತಾಗಿ ತಿಳಿಯುವವರುಂಟು. ಹಾಗಲ್ಲ. ಯಾವ ನೆಲೆಯಿಂದ ನೋಡಿ ನುಡಿಯುತ್ತಿರುವೆನೆಂಬುದನ್ನು ನುಡಿಯುವವನು ಮರೆಮಾಡಬಾರದೆಂಬ ಕಟ್ಟುನಿಟ್ಟು ಅದರಲ್ಲಿದೆ. ಆ ಇಬ್ಬರು ಮಧ್ಯಸ್ಥರ ಐತೀರ್ಪಿನಲ್ಲಿ ತಪ್ಪಿಹೋದದ್ದು ಇದೇ: ಅವರು ನಿಂತ ನೆಲೆ, ಅಂದರೆ ಆ ಮಾರ್ಗಸೂಚಿಗಳು, ವಾದಿಸುವವರ ಕಣ್ಣಿಗೆ ಬೀಳಲೇ ಇಲ್ಲ.

ಈ ವಿಚಾರವನ್ನು ಮಿಜಾರಿನ ದಾರಿಗೇ ತಂದು ನೋಡಬಹುದು. ಮಂಗಳೂರಿನ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ, ಗುರುಪುರ, ಎಡಪದವು, ಮಿಜಾರು, ಮೂಡುಬಿದಿರೆಗಳ ಮೂಲಕ, ರಾಷ್ಟ್ರೀಯ ಹೆದ್ದಾರಿ 169ನ್ನು ಚತುಷ್ಪಥವಾಗಿಸಲು ತೋಟ, ಗದ್ದೆ, ಮನೆಯಂಗಳಗಳನ್ನು ಸ್ವಾಧೀನಪಡಿಸಿಕೊಂಡಾಗ ಪರಿಹಾರದ ಮೊತ್ತದ ವಿಷಯವಾಗಿ ಭೂಮಾಲಿಕರಿಗೂ ಪ್ರಾಧಿಕಾರಕ್ಕೂ ವ್ಯಾಜ್ಯ ಬಂದಿತು. 1956ರ ಹೆದ್ದಾರಿ ಕಾಯಿದೆಯ ಪ್ರಕಾರ ಅದನ್ನು ತೀರ್ಮಾನಿಸುವವನನ್ನೂ ಮಧ್ಯಸ್ಥನೆಂದೇ ಕರೆಯುತ್ತಾರೆ. ಆದರೆ ಅವನನ್ನು ನೇಮಿಸುವುದು ಕೇಂದ್ರ ಸರ್ಕಾರ. ಅಡಿಕೆ ಮರ ಕಳೆದುಕೊಂಡವನು ಯಾವ ಕರಾರಿಗೂ ಸಹಿಹಾಕಿದವನಲ್ಲ, ಮಧ್ಯಸ್ಥನನ್ನು ಆರಿಸಿದವನೂ ಅಲ್ಲ. ರಸ್ತೆ ಕಟ್ಟುವ ಕಂಪೆನಿಗೆ ತನ್ನ ನ್ಯಾಯಾಧಿಪತಿಯ ಆಯ್ಕೆಯಲ್ಲಿ ಧ್ವನಿಯುಂಟು. ಆ ರಸ್ತೆಗೆ ನೆಲ ಬಿಟ್ಟವನಿಗೆ ಇಲ್ಲ. ಸಮ್ಮತಿಯಿಂದ ಬಂದ ಅಧಿಕಾರಕ್ಕೇ ಅಷ್ಟು ಕಟ್ಟುಪಾಡುಗಳು ಸಲ್ಲುವುದಾದರೆ, ಸಮ್ಮತಿಯಿಲ್ಲದೆ ಬಂದ ಈ ಅಧಿಕಾರಕ್ಕೆ ಅವು ಇಮ್ಮಡಿಯಾಗಿ ಸಲ್ಲಬೇಡವೆ? ಯಾವ ಕ್ರಯಪತ್ರಗಳನ್ನು, ಯಾವ ಮಾರ್ಗಸೂಚಿ ಬೆಲೆಯನ್ನು ಹಿಡಿದು ತನ್ನ ಸೆಂಟ್ಸು ಜಾಗಕ್ಕೆ ದರ ಕಟ್ಟಲಾಯಿತೆಂಬುದನ್ನು ರೈತನಿಗೆ ಅವನ ಭಾಷೆಯಲ್ಲಿ ಮೊದಲೇ ತೋರಿಸಿ, ಅವನ ಉತ್ತರವನ್ನು ಕೇಳಿ, ಆ ಉತ್ತರ ಏಕೆ ಸಾಲದೆಂಬುದನ್ನು ಬರೆಹದಲ್ಲಿ ತಿಳಿಸುವವರೆಗೂ, ಕೊರಿಯದ ಕಂಪೆನಿಗೆ ದೆಹಲಿಯಲ್ಲಿ ದೊರೆತ ನ್ಯಾಯ ಮಿಜಾರಿನ ಒಕ್ಕಲಿಗೆ ದೊರೆತಂತಾಗದು.