ನಗುವ ಬಾತ್ಮೀದಾರನೂ ಸಾಕ್ಷಿಯ ಧರ್ಮವೂ

ವೀರನಾದವನು ಗಂಭೀರನಾಗಿರಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ನಮ್ಮ ನಾಟಕಗಳ ಧೀರೋದಾತ್ತ ನಾಯಕ ನಕ್ಕರೂ ಅಳತೆಯಲ್ಲಿಯೇ ನಗುತ್ತಾನೆ. ನಗಿಸುವ ಕೆಲಸವನ್ನು ಪಕ್ಕದಲ್ಲಿ ನಿಂತ ವಿದೂಷಕನಿಗೆ ಬಿಟ್ಟುಕೊಡುತ್ತಾನೆ. ನಾಯಕನಿಗೆ ಕತ್ತಿ, ವಿದೂಷಕನಿಗೆ ಮೋದಕ. ಇದು ರಂಗಭೂಮಿಯ ಹಳೆಯ ಪಾಲುಪಟ್ಟಿ. ಈ ಎರಡು ಪಾತ್ರಗಳನ್ನೂ ಒಬ್ಬನ ಹೆಗಲಿಗೇ ಏರಿಸಿದರೆ ಏನಾದೀತು? ಇಪ್ಪತ್ತನೆಯ ಶತಮಾನದ ಸಾಹಸಕಥೆಗಳು ಈ ಪ್ರಯೋಗವನ್ನು ಮಾಡಿ ನೋಡಿದುವು. ಅದಕ್ಕೆ ಅವು ಆರಿಸಿಕೊಂಡ ಆಸಾಮಿ ಪತ್ರಿಕೆಯ ಬಾತ್ಮೀದಾರ. ಅವನ ಕೈಯಲ್ಲಿ ಆಯುಧವಿಲ್ಲ, ಬೆನ್ನಿಗೆ ಸೈನ್ಯವಿಲ್ಲ. ಜೇಬಿನಲ್ಲೊಂದು ಪೆನ್ಸಿಲು, ನಾಲಗೆಯ ತುದಿಯಲ್ಲೊಂದು ಕುಚೋದ್ಯ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ಅವನು ಕೊಲೆಗಾರರನ್ನೂ ಗೂಢಚಾರರನ್ನೂ ಎದುರಿಸಲು ಹೊರಡುತ್ತಾನೆ.

ಇಂಥ ಕಥೆಗಳನ್ನು ಬಿಡುವಿನ ವೇಳೆಯ ವಿನೋದವೆಂದು ಪಕ್ಕಕ್ಕಿಡುವುದು ವಾಡಿಕೆ. ವಿನೋದವೇನೋ ಹೌದು. ಆದರೆ ಅವುಗಳೊಳಗೆ ನೀತಿಯ ಎರಡು ಪ್ರಶ್ನೆಗಳು ಅವಿತುಕೊಂಡಿರುವಂತೆ ನನಗೆ ತೋರುತ್ತದೆ. ಎಲ್ಲವನ್ನೂ ನಕ್ಕು ತಳ್ಳಿಹಾಕುವವನಿಗೆ ಯಾವುದೋ ಒಂದಕ್ಕಾಗಿ ಪ್ರಾಣವನ್ನೊಡ್ಡುವ ಶಕ್ತಿ ಎಲ್ಲಿಂದ ಬರುತ್ತದೆ? ಇದು ಮೊದಲನೆಯದು. ಬಾತ್ಮೀದಾರನ ಕೆಲಸ ನೋಡುವುದು, ನೋಡಿದ್ದನ್ನು ಹೇಳುವುದು. ಅವನು ನೋಡುತ್ತ ನಿಲ್ಲಬೇಕೆ, ಧುಮುಕಬೇಕೆ? ಇದು ಎರಡನೆಯದು.

ಉದಾಹರಣೆಗೆ ಒಂದು ಒಳ್ಳೆಯ ಚಿತ್ರವನ್ನೇ ತೆಗೆದುಕೊಳ್ಳೋಣ. ಆಲ್‌ಫ್ರೆಡ್ ಹಿಚ್‌ಕಾಕ್ ಅಮೆರಿಕಕ್ಕೆ ಹೋದ ಮೇಲೆ ತೆಗೆದ ಎರಡನೆಯ ಚಿತ್ರ 'ಫಾರಿನ್ ಕರೆಸ್ಪಾಂಡೆಂಟ್'. ಅದು ತೆರೆಗೆ ಬಂದುದು ಆಗಸ್ಟ್ 1940ರಲ್ಲಿ. ಕಥೆ ನಡೆಯುವುದು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, ಮಹಾಯುದ್ಧ ಸಿಡಿಯಲು ಇನ್ನು ಕೆಲವೇ ದಿನಗಳಿರುವಾಗ. ನ್ಯೂಯಾರ್ಕಿನ ಪತ್ರಿಕೆಯೊಂದರ ಸಂಪಾದಕನಿಗೆ ಯುರೋಪಿನಿಂದ ಬರುವ ವರದಿಗಳನ್ನು ಓದಿ ಓದಿ ಬೇಸರ ಬಂದಿದೆ. ಎಲ್ಲರೂ ಪಂಡಿತರೇ, ಸುದ್ದಿ ಮಾತ್ರ ಇಲ್ಲ. ಅಪರಾಧದ ಸುದ್ದಿ ಬರೆಯುವ ಒಬ್ಬ ಸಾಮಾನ್ಯ ಬಾತ್ಮೀದಾರನನ್ನು ಕಳಿಸಿ ನೋಡೋಣವೆಂದು ಅವನು ಜಾನಿ ಜೋನ್ಸನನ್ನು ಕರೆಸುತ್ತಾನೆ. ಪೋಲೀಸಿನವನೊಬ್ಬನನ್ನು ಹೊಡೆದ ಜೋನ್ಸ್ ಕೆಲಸ ಹೋಯಿತೆಂದೇ ತಿಳಿದು, ಕಾಗದ ಕತ್ತರಿಸಿ ಚಿತ್ತಾರ ಮಾಡುತ್ತ ಕುಳಿತಿರುತ್ತಾನೆ. ಯುರೋಪಿನ ಬಿಕ್ಕಟ್ಟಿನ ಬಗ್ಗೆ ಅಭಿಪ್ರಾಯವೇನೆಂದು ಕೇಳಿದರೆ, ಯಾವ ಬಿಕ್ಕಟ್ಟು ಎಂದು ಅವನೇ ತಿರುಗಿ ಕೇಳುತ್ತಾನೆ. ಈ ಅಜ್ಞಾನವೇ ಅವನ ಯೋಗ್ಯತೆಯಾಗಿ ಪರಿಣಮಿಸುತ್ತದೆ!

ಮುಂದಿನದು ಶುದ್ಧ ಸಾಹಸ. ಆಂಸ್ಟರ್‌ಡ್ಯಾಮಿನಲ್ಲಿ ಮಳೆ, ಸಭಾಭವನದ ಮೆಟ್ಟಿಲುಗಳ ಮೇಲೆ ಕೊಡೆಗಳ ಸಂತೆ. ವಾನ್ ಮೀರ್ ಎಂಬ ಡಚ್ ಮುತ್ಸದ್ದಿಯ ಭಾವಚಿತ್ರ ತೆಗೆಯುವ ನೆಪದಲ್ಲಿ ಬಂದವನೊಬ್ಬ ಕ್ಯಾಮರದ ಮರೆಯಲ್ಲಿ ಹಿಡಿದ ಪಿಸ್ತೂಲಿನಿಂದ ಅವನನ್ನು ಸುಡುತ್ತಾನೆ. ಜೋನ್ಸ್ ಕೊಡೆಗಳ ನಡುವೆ ನುಗ್ಗಿ ಕೊಲೆಗಾರನ ಬೆನ್ನಟ್ಟುತ್ತಾನೆ. ಬಯಲಿನಲ್ಲೊಂದು ಗಾಳಿಗಿರಣಿ ಗಾಳಿಗೆ ಎದುರಾಗಿ ತಿರುಗುತ್ತಿರುವುದು ಅವನೊಬ್ಬನ ಕಣ್ಣಿಗೇ ಬೀಳುತ್ತದೆ. ಸತ್ತವನು ವಾನ್ ಮೀರನಲ್ಲ, ಅವನನ್ನು ಹೋಲುವ ಬೇರೊಬ್ಬ. ನಿಜವಾದ ವಾನ್ ಮೀರ್ ಗಿರಣಿಯೊಳಗೆ ಸೆರೆಯಾಳು. ಇದೆಲ್ಲದರ ಸೂತ್ರಧಾರ ಫಿಷರ್ ಎಂಬಾತ. ಹೊರಗೆ ಅವನು ಶಾಂತಿಪಕ್ಷದ ಗಣ್ಯ ನಾಯಕ. ಅವನ ಮಗಳು ಕ್ಯಾರಲ್‌ಳನ್ನೇ ಜೋನ್ಸ್ ಪ್ರೀತಿಸಿದ್ದಾನೆ.

ಈ ಎಲ್ಲ ಅಪಾಯಗಳ ನಡುವೆ ಜೋನ್ಸನ ಬಾಯಿ ಮಾತ್ರ ಸುಮ್ಮನಿರದು. ಹೋಟೆಲಿನ ಕೋಣೆಗೆ ಪೋಲೀಸರ ವೇಷದಲ್ಲಿ ಕೊಲೆಗಾರರು ಬಂದಾಗ ಅವನು ಸ್ನಾನದ ನಿಲುವಂಗಿಯಲ್ಲಿಯೇ ಕಿಟಕಿಯಿಂದ ಹೊರಬಿದ್ದು ಗೋಡೆಯಂಚಿನಲ್ಲಿ ತೆವಳುತ್ತಾನೆ. ಅವನ ಕೈತಾಗಿ 'ಹೋಟೆಲ್ ಯುರೋಪ್' ಎಂಬ ದೀಪದ ಫಲಕದಲ್ಲಿ ಎರಡಕ್ಷರ ಆರಿಹೋಗಿ 'ಹಾಟ್ ಯುರೋಪ್' ಎಂದು ಉಳಿಯುತ್ತದೆ. ಬಿಡದಿಯ ಹೆಸರು ಕೆಟ್ಟು ಸುಡುವ ಯುರೋಪಿನ ಹೆಸರಾಗುತ್ತದೆ. ನಾವು ನಗುತ್ತೇವೆ. ನಕ್ಕ ಮರುಗಳಿಗೆಯಲ್ಲಿ, ಆ ಎರಡಕ್ಷರ ಆರಿದ ಮೇಲೆ ಕಂಡದ್ದೇ ಆ ಕಾಲದ ನಿಜವೆಂಬುದು ಹೊಳೆಯುತ್ತದೆ.

ಮೊದಲನೆಯ ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿದೆ. ನಗೆಯಲ್ಲಿ ಜಾತಿಗಳುಂಟು. ತನ್ನನ್ನು ದೊಡ್ಡವನನ್ನಾಗಿ ಮಾಡಿಕೊಳ್ಳುವ ನಗೆ ಒಂದು. ತನ್ನನ್ನೂ ಸೇರಿಸಿಕೊಂಡು ಎಲ್ಲರ ಪೊಳ್ಳು ದೊಡ್ಡಸ್ತಿಕೆಯನ್ನು ಇಳಿಸುವ ನಗೆ ಇನ್ನೊಂದು. ವಿರಾಟನ ಅಂತಃಪುರದಲ್ಲಿ ಉತ್ತರಕುಮಾರನ ಬಾಯಿಂದ ಹೊರಟ ಮಾತು ಮೊದಲನೆಯ ಜಾತಿಯದು. ಕುಮಾರವ್ಯಾಸನನ್ನು ಓದಿದ ಕನ್ನಡಿಗರೆಲ್ಲರೂ ಆ ಪೌರುಷವನ್ನು ನೆನೆದು ನಕ್ಕಿದ್ದಾರೆ. ಕೌರವರ ಸೇನೆಯನ್ನು ಕಂಡ ಕೂಡಲೆ ಅದು ರಥದಿಂದ ಕೆಳಗೆ ಹಾರಿ ಓಡಿತು. ಜೋನ್ಸನ ಹಾಸ್ಯ ಎರಡನೆಯ ಜಾತಿಯದು. ಪದವಿಗೆ ಹೆದರದ, ಬಿರುದಿಗೆ ಬಾಗದ, ತನ್ನ ಹೆದರಿಕೆಯನ್ನೂ ಮುಚ್ಚಿಡದ ಹಾಸ್ಯ. ಮರ್ಯಾದಸ್ಥರ ಮಾತಿಗೆ ತಲೆದೂಗುವ ಅಭ್ಯಾಸವಿದ್ದವನಿಗೆ ಶಾಂತಿಯ ಭಾಷಣ ಮಾಡುವವನು ದ್ರೋಹಿಯಾಗಿರಬಹುದೆಂಬ ಅನುಮಾನ ಬರುವುದೇ ಕಷ್ಟ. ನಗುವವನ ಕಣ್ಣಿಗೆ ಆ ಪೊರೆ ಇಲ್ಲ. ಹಾಸ್ಯವೇ ಧೈರ್ಯವಲ್ಲ, ಆದರೆ ಧೈರ್ಯ ಬರುವ ದಾರಿಯಲ್ಲಿ ಬಿದ್ದಿರುವ ಕಸವನ್ನು ಅದು ಗುಡಿಸಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಗೆಯ ಬಗ್ಗೆ ಪಕ್ಷಪಾತವಾದೀತು. ನಗೆಗೆ ಇನ್ನೊಂದು ಮುಖವಿದೆ. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮೆಕಾರ್ಥರ್ 1928ರಲ್ಲಿ ಬರೆದ 'ದಿ ಫ್ರಂಟ್ ಪೇಜ್' ನಾಟಕ ಅದನ್ನು ತೋರಿಸುತ್ತದೆ. ಇಬ್ಬರೂ ಷಿಕಾಗೋದ ಪತ್ರಿಕೆಗಳಲ್ಲಿ ದುಡಿದು ಬಂದವರು. ನಾಟಕದಲ್ಲಿ ಬಾತ್ಮೀದಾರರು ನ್ಯಾಯಾಲಯದ ಒಂದು ಕೋಣೆಯಲ್ಲಿ ಇಸ್ಪೀಟು ಆಡುತ್ತ, ಮರುದಿನ ಬೆಳಗ್ಗೆ ಒಬ್ಬನನ್ನು ಗಲ್ಲಿಗೇರಿಸುವುದನ್ನು ಕಾಯುತ್ತಿದ್ದಾರೆ. ಅವರ ಚತುರೋಕ್ತಿಗಳಿಗೆ ಕೊನೆಯೇ ಇಲ್ಲ. ಆ ಅಪರಾಧಿಗೆ ಮರುಗುವ ಒಬ್ಬ ಬಡ ಹೆಂಗಸು ಅವರ ಬಾಯಿಗೆ ಸಿಕ್ಕಿ ಕಡೆಗೆ ಕಿಟಕಿಯಿಂದ ಹಾರುತ್ತಾಳೆ. ಇಲ್ಲಿಯೂ ಅದೇ ವೃತ್ತಿ, ಅದೇ ಚುರುಕು ನಾಲಗೆ. ಆದರೆ ನಗೆ ಇಲ್ಲಿ ಕಣ್ಣನ್ನು ತೆರೆಯುವುದಿಲ್ಲ, ಎದೆಯನ್ನು ಮುಚ್ಚುತ್ತದೆ. ನಗುವವನನ್ನು ಅಳೆಯುವ ಗಜಕಡ್ಡಿ ಇದೇ ಎಂದು ನನ್ನ ಭಾವನೆ: ಅವನು ಯಾವುದನ್ನೆಲ್ಲ ನಕ್ಕ ಎಂಬುದಲ್ಲ, ಯಾವುದರ ಮುಂದೆ ನಗೆ ನಿಲ್ಲಿಸಿದ ಎಂಬುದು.

ಜೋನ್ಸನ ನಗೆ ಎಲ್ಲಿ ನಿಲ್ಲುತ್ತದೆ? ಯುದ್ಧ ಘೋಷಣೆಯಾದ ಮೇಲೆ ಎಲ್ಲರೂ ವಿಮಾನದಲ್ಲಿ ಅಮೆರಿಕಕ್ಕೆ ಹೊರಟಿರುತ್ತಾರೆ. ಜರ್ಮನ್ ಯುದ್ಧನೌಕೆಯ ಗುಂಡಿಗೆ ವಿಮಾನ ಕಡಲಿಗೆ ಬೀಳುತ್ತದೆ. ಉಳಿದವರು ಒಂದು ರೆಕ್ಕೆಯನ್ನು ಹಿಡಿದು ತೇಲುತ್ತಿರುವಾಗ, ಅದು ಅಷ್ಟು ಜನರ ಭಾರ ತಾಳದೆಂದು ತಿಳಿದ ಫಿಷರ್ ತಾನಾಗಿಯೇ ನೀರಿಗೆ ಜಾರುತ್ತಾನೆ. ದ್ರೋಹಿಯೂ ಒಂದು ಗಳಿಗೆ ಮನುಷ್ಯನಾದ. ಬಾತ್ಮೀದಾರನ ಮುಂದೆ ಈಗ ಅವನ ಜೀವಮಾನದ ಸುದ್ದಿ ಇದೆ. ಪಕ್ಕದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗಿ ಇದ್ದಾಳೆ. ಎರಡೂ ನಿಜ. ಅವನ ನಾಲಗೆ ತಡೆಯುತ್ತದೆ. ಕಡೆಗೆ ಸುದ್ದಿ ಹೊರಡುತ್ತದೆ, ಅವಳೂ ಅದಕ್ಕೆ ಜೊತೆಗೂಡುತ್ತಾಳೆ. ಅವರನ್ನು ರಕ್ಷಿಸಿದ ಹಡಗಿನ ಕಪ್ತಾನ ಸುದ್ದಿ ಕಳಿಸಬಾರದೆಂದು ವಿಧಿಸಿದ್ದಾನೆ. ನೆಂಟನೊಂದಿಗೆ ಮಾತಾಡುವ ನೆಪ ಹೂಡಿ, ಟೆಲಿಫೋನನ್ನು ತೆರೆದಿಟ್ಟು, ಕಪ್ತಾನನೊಡನೆ ಜಗಳವಾಡುತ್ತಲೇ ಅವರು ಇಡೀ ಸುದ್ದಿಯನ್ನು ನ್ಯೂಯಾರ್ಕಿಗೆ ಮುಟ್ಟಿಸುತ್ತಾರೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಪ್ರಾಣ ಉಳಿಸಿದವನಿಗೆ ಕೊಟ್ಟ ಮಾತು ಇಲ್ಲಿ ಮುರಿಯಿತಲ್ಲ ಎಂದು ಯಾರಿಗೂ ತೋರುವುದಿಲ್ಲ. ಹಾಸ್ಯದ ಅಪಾಯ ಇದೇ: ನಗುತ್ತಿರುವಾಗ ನಾವು ತೀರ್ಪು ಕೊಡುವುದನ್ನು ಮರೆಯುತ್ತೇವೆ. ಸತ್ಯವನ್ನು ಹೇಳಲು ಸಣ್ಣದೊಂದು ಸುಳ್ಳು ಬೇಕಾಯಿತೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ಸಾಲವನ್ನು ಲೆಕ್ಕದಿಂದ ತೆಗೆದುಹಾಕಲಾಗದು.

ಚಿತ್ರದ ಕೊನೆಯಲ್ಲಿ ಆ ಸಾಲ ತೀರುತ್ತದೆ. ಜೋನ್ಸ್ ಲಂಡನ್ನಿನ ರೇಡಿಯೋ ನಿಲಯದಲ್ಲಿ ಮೈಕಿನ ಮುಂದೆ ನಿಂತಿದ್ದಾನೆ. ಬಾಂಬು ಬೀಳತೊಡಗುತ್ತದೆ, ದೀಪಗಳು ಆರುತ್ತವೆ. ಎಲ್ಲರೂ ನೆಲಮಾಳಿಗೆಗೆ ಇಳಿಯಬೇಕು. ಅವನು ಇಳಿಯದೆ, ಕಂಡದ್ದನ್ನು ಕತ್ತಲೆಯಲ್ಲಿಯೇ ತನ್ನ ದೇಶಕ್ಕೆ ಹೇಳುತ್ತ ಹೋಗುತ್ತಾನೆ. ಒಂದು ಕುಚೋದ್ಯವೂ ಇಲ್ಲ. ಈ ದೃಶ್ಯವನ್ನು ಬರೆದವನು ಯಾರೆಂದು ಬಲ್ಲಿರಾ? ನಗೆ ಕಲ್ಲಾಗುವುದನ್ನು ತೋರಿಸಿದ ಅದೇ ಬೆನ್ ಹೆಕ್ಟ್. ಅದನ್ನು ಚಿತ್ರೀಕರಿಸಿದ್ದು ಜುಲೈ 1940ರಲ್ಲಿ. ಲಂಡನ್ನಿನ ಮೇಲೆ ಸತತ ಬಾಂಬುದಾಳಿ ತೊಡಗಿದ್ದು ಸೆಪ್ಟೆಂಬರ್ 7ರಂದು. ಕಥೆ ಇತಿಹಾಸಕ್ಕಿಂತ ಒಂದು ಹೆಜ್ಜೆ ಮುಂದಿತ್ತು.

ಚಿತ್ರದುದ್ದಕ್ಕೂ ಓಡಿದವನು, ಹಾರಿದವನು, ಕೊನೆಗೆ ವೀರನಾದದ್ದು ಅಲುಗದೆ ನಿಂತು. ಈ ಮಾತನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ, "ಸಾರ್, ನಿಂತು ನೋಡುವುದೇ ವೀರತನವಾದರೆ ರಸ್ತೆಯಲ್ಲಿ ಅಪಘಾತವಾದಾಗ ಮೊಬೈಲ್ ಹಿಡಿದು ನಿಂತವರೆಲ್ಲ ವೀರರೇ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು, ಈ ಚಿತ್ರ ಹುಟ್ಟಿದ ಪುಸ್ತಕವನ್ನು ಬರೆದ ನಿಜವಾದ ಬಾತ್ಮೀದಾರನ ಕಡೆಗೆ ತಿರುಗಬೇಕು.

ಆತನ ಹೆಸರು ವಿನ್ಸೆಂಟ್ ಶೀಯನ್. ಮೊರಾಕ್ಕೋದ ರಿಫ್ ಬೆಟ್ಟಗಳಲ್ಲಿ ಅಬ್ದೆಲ್ ಕ್ರೀಮನನ್ನು ಕಂಡುಬಂದವನು. 1927ರ ಚೀನವನ್ನೂ 1929ರ ಪ್ಯಾಲೆಸ್ಟೈನನ್ನೂ ಕಣ್ಣಾರೆ ನೋಡಿದವನು. ಆ ಅನುಭವಗಳನ್ನು ಅವನು 1935ರಲ್ಲಿ 'ಪರ್ಸನಲ್ ಹಿಸ್ಟರಿ' ಎಂಬ ಪುಸ್ತಕವಾಗಿ ಬರೆದ. ಅದರ ಹಕ್ಕನ್ನು ಕೊಂಡು ಚಿತ್ರ ತೆಗೆಯುವ ಹೊತ್ತಿಗೆ ಪುಸ್ತಕದ್ದೆಂದು ಹೇಳುವಂಥದೇನೂ ಉಳಿದಿರಲಿಲ್ಲ. ಚಿತ್ರದವರು ಸೃಷ್ಟಿಸಿದ ಬಾತ್ಮೀದಾರ ಜನಸಂದಣಿಯ ನಡುವೆ ಒಬ್ಬ ಹಿರಿಯನ ಕೊಲೆಯನ್ನು ಕಂಡು ಕೊಲೆಗಾರನ ಬೆನ್ನಟ್ಟಿದ. ಚಿತ್ರ ಬಂದು ಎಂಟು ವರ್ಷವಾಗುವ ಮೊದಲೇ, 1948ರ ಜನವರಿ 30ರ ಸಂಜೆ, ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಶೀಯನ್ ನಿಂತಿದ್ದ. ಕೊನೆಯ ದಿನಗಳಲ್ಲಿ ಗಾಂಧೀಜಿಯವರೊಡನೆ ಮಾತನಾಡಿ, ಅವರಿಂದ ಕಲಿಯಲು ಬಂದಿದ್ದವನು. ಗುಂಡಿನ ಸದ್ದು ಅವನ ಕಿವಿಗೆ ಬಿತ್ತು. ಅವನು ಓಡಲಿಲ್ಲ, ಹಾರಲಿಲ್ಲ. ಕೊಲೆಗಾರನನ್ನು ಹಿಡಿದವರು ಬೇರೆಯವರು. ಶೀಯನ್ ದುಃಖದ ಪೆಟ್ಟಿಗೆ ಜರ್ಜರಿತನಾಗಿ ಅಲ್ಲಿಯೇ ಉಳಿದ.

ಅವನು ಹೇಡಿಯೆ? ಅಲ್ಲವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೈಯಿಂದ ಆಗಬಹುದಾದ ಕೆಲಸ ಅಲ್ಲಿ ಅವನಿಗೆ ಉಳಿದಿರಲಿಲ್ಲ. ಉಳಿದದ್ದು ಕಂಡದ್ದನ್ನು ಹೊರುವ ಕೆಲಸ. ಮುಂದಿನ ವರ್ಷ ಅವನು ಗಾಂಧೀಜಿಯವರ ಬಗ್ಗೆ ಒಂದು ಪುಸ್ತಕ ಬರೆದ. ಗಾಂಧೀಜಿಗೆ ಪ್ರಿಯವಾಗಿದ್ದ, ಬಿ. ಎಂ. ಶ್ರೀಯವರ ಅನುವಾದದ ಮೂಲಕ ಕನ್ನಡಿಗರ ನಾಲಗೆಯ ಮೇಲೆ ನೆಲೆಸಿರುವ ನ್ಯೂಮನ್ನರ ಪ್ರಾರ್ಥನಾಗೀತೆಯ ಹೆಸರನ್ನೇ ಅದಕ್ಕಿಟ್ಟ. ಮೊಬೈಲ್ ಹಿಡಿದು ನಿಂತವನಿಗೂ ಇವನಿಗೂ ಇರುವ ಅಂತರ ಇಲ್ಲಿದೆ. ರಕ್ತ ಸುರಿಯುತ್ತಿರುವವನನ್ನು ಎತ್ತಲು ಕೈ ಬೇಕಾದಾಗ ಕೈಯೇ ಮೊದಲು. ಪೆನ್ನು, ಕ್ಯಾಮರ ಆಮೇಲೆ. ಕೈಗೆ ನಿಲುಕದ ಕಡೆ ಮಾತ್ರ ನೋಡುವುದು ಧರ್ಮವಾಗುತ್ತದೆ. ನೋಟಕ ನೋಡಿ ಹೊರಟುಹೋಗುತ್ತಾನೆ. ಸಾಕ್ಷಿ ತಾನು ಕಂಡದ್ದಕ್ಕೆ ತನ್ನ ಹೆಸರನ್ನೂ ಬಾಳನ್ನೂ ಜಾಮೀನು ಕೊಡುತ್ತಾನೆ.

ನಮ್ಮ ಭಾರತಕಥೆ ಈ ಅಂತರವನ್ನು ಚೆನ್ನಾಗಿ ಬಲ್ಲದು. ಪೌರುಷದ ಮಾತಿಗೆ ಹೆಸರಾದ ಉತ್ತರಕುಮಾರ ಗೆದ್ದು ಊರಿಗೆ ಮರಳಿದಾಗ ಗೆಲುವನ್ನು ತನ್ನದೆಂದು ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳೆಂದು ಅರ್ಜುನನೇ ಸೂಚಿಸಿದ್ದ. ಆದರೂ ಮೆರೆಯುತ್ತಿದ್ದ ತಂದೆಯ ಮುಂದೆ ಅವನು, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರನೆಂದು ಹೇಳಿಬಿಟ್ಟ. ಉತ್ತರ ವೀರನಾದದ್ದು ಆ ಗಳಿಗೆಯಲ್ಲಿ. ಸಂಜಯನೂ ಅರಮನೆಯಲ್ಲಿ ಸುಖವಾಗಿ ಕುಳಿತು ವರದಿ ಒಪ್ಪಿಸಿದವನಲ್ಲ. ರಣರಂಗದಲ್ಲಿ ಸಾತ್ಯಕಿಯ ಕೈಗೆ ಸಿಕ್ಕು, ಕತ್ತಿ ಎತ್ತಿದ ಮೇಲೆ ವ್ಯಾಸರ ಮಾತಿನಿಂದ ಬದುಕಿಕೊಂಡವನು. ದೊರೆಯ ಮುಖದ ಮೇಲೆಯೇ ತಪ್ಪು ನಿನ್ನದೆಂದು ಹೇಳಿದವನು.

ಸಂಜಯನ ಮಾತೆತ್ತಿದ ಮೇಲೆ ಅವನ ಶ್ರೋತೃವನ್ನು ಮರೆಯುವಂತಿಲ್ಲ. ಧೃತರಾಷ್ಟ್ರ ಹದಿನೆಂಟು ದಿನಗಳ ಸುದ್ದಿಯನ್ನೂ ಕೇಳಿದ. ಅತ್ತ, ಮೂರ್ಛೆಹೋದ, ಎದ್ದು ಮುಂದೇನಾಯಿತೆಂದು ಮತ್ತೆ ಕೇಳಿದ. ಕಣ್ಣಿಲ್ಲದ ಕೊರತೆಯನ್ನು ಸಂಜಯ ತುಂಬಿಕೊಟ್ಟ. ಮನಸ್ಸಿಲ್ಲದ ಕೊರತೆಯನ್ನು ಯಾವ ಬಾತ್ಮೀದಾರನೂ ತುಂಬಿಕೊಡಲಾರ. ಹಿಚ್‌ಕಾಕನ ಚಿತ್ರದಲ್ಲಿ ಸೆರೆಯಾಳಾದ ಮುದುಕ ವಾನ್ ಮೀರ್ ಹಿಂಸೆಯ ನಡುವೆಯೂ ನಂಬಿದ್ದು ರಾಜರನ್ನಲ್ಲ, ಮಂತ್ರಿಗಳನ್ನಲ್ಲ. ಹಕ್ಕಿಗಳಿಗೆ ರೊಟ್ಟಿಯ ಚೂರು ಹಾಕುವ ಸಣ್ಣ ಜನರನ್ನು. ಬೆಳಗಿನ ಕಾಫಿಯೊಂದಿಗೆ ಪತ್ರಿಕೆಯನ್ನು ಬಿಡಿಸುವ ನಾವು ಆ ಸಣ್ಣ ಜನರೋ, ಹಸ್ತಿನಾವತಿಯ ಅರಸನ ಬಳಗದವರೋ? ಪತ್ರಿಕೆಯನ್ನು ಮಡಿಸಿಟ್ಟು ಮೇಲೆದ್ದ ಮೇಲೆ ನಾವು ಮಾಡುವ ಕೆಲಸವೇ ಅದಕ್ಕೆ ಉತ್ತರ ಹೇಳಬೇಕು.