ಕಡಲು ಸೇರಿದ ಕಪಿಲೆ

 

ಬಂಧುಗಳೇ, ಇಂದಿನ ಚಿಂತನೆ ನಾಲ್ಕನೇ ಶೀಲದ ಬಗ್ಗೆ, ಸುಳ್ಳಾಡದೆ ಇರುವುದರ ಬಗ್ಗೆ. ಬೇರೆಯವರ ಉದಾಹರಣೆ ಬೇಡ, ನನ್ನದೇ ಹೇಳುತ್ತೇನೆ.

2023ರಲ್ಲಿ ಚೆನ್ನೈ ಬಂದರಿನಿಂದ ಶ್ರೀಲಂಕಾಕ್ಕೆ ಪ್ರವಾಸಿ ಹಡಗು ಶುರುವಾಯಿತು. ಅಶೋಕನ ಮಗಳು ಸಂಘಮಿತ್ತಾ ಥೇರಿ ಬೋಧಿವೃಕ್ಷದ ಕೊಂಬೆಯೊಂದಿಗೆ ಆ ದ್ವೀಪಕ್ಕೆ ಹಡಗಿನಲ್ಲೇ ಹೋದಳೆಂದು ಮಹಾವಂಸ ಹೇಳುತ್ತದೆ. ಅದನ್ನು ಓದಿದಂದಿನಿಂದ ನನಗೂ ಆಸೆ. ಚೀಟಿ ದುಡ್ಡು ಕೈಗೆ ಬಂದಿತ್ತು. ಮನೆಯವರಿಗೆ ನೀರೆಂದರೆ ಭಯ. ಶಾಲೆಗೆ ರಜೆ ಹಾಕಿ ಒಬ್ಬಳೇ ಹೊರಟೆ. ತಾಂಡವಪುರದ ನಾನು ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರೆಂದರೆ ನರಸೀಪುರದ ಸಂಗಮ.

ಮಾರನೇ ದಿನ ಪೂರ್ತಿ ಕಡಲ ಮೇಲೆ. ಎದ್ದು ನೋಡಿದರೆ ನಾಲ್ಕು ಕಡೆಯೂ ನೆಲವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕಾಫಿ ಕೇಳುವವರು ಯಾರೂ ಇಲ್ಲ. ಒಳಗೆ ಹಾಡು, ಕುಣಿತ, ಈಜುಕೊಳ. ನಾನು ಮೇಲಿನ ಡೆಕ್ಕಿನಲ್ಲಿ ಕೂತು ಮನಸ್ಸಿನಲ್ಲೇ ತ್ರಿಸರಣ ಹೇಳಿಕೊಂಡೆ. ಗಾಳಿಗೆ ತುಟಿಯೆಲ್ಲ ಉಪ್ಪು. ಇಪ್ಪತ್ತು ವರ್ಷದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ನೆನಪಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದರೆ, ಒಬ್ಬರೇ ಬಂದವರನ್ನು ಯಾವುದಾದರೂ ಮೇಜಿಗೆ ಸೇರಿಸುತ್ತಾರೆ. ನನ್ನ ಪಾಲಿಗೆ ಮೈಸೂರಿನ ದಂಪತಿ ಸಿಕ್ಕರು. ಕನ್ನಡ ಕೇಳಿ ನನಗೂ ಖುಷಿ. ಆಕೆ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಯಾವೂರು, ಏನು ಕೆಲಸ, ಯಜಮಾನರು ಯಾಕೆ ಬರಲಿಲ್ಲ, ಎಲ್ಲ ಆಯಿತು. ಆಮೇಲೆ ನನ್ನ ತಟ್ಟೆ ನೋಡಿ, "ಮೊಸರನ್ನ ತಿಂತಿದ್ದೀರಿ, ನಮ್ಮವರೇ ಅಲ್ವಾ?" ಅಂದರು.

ನಾನು ನಕ್ಕೆ. ಅಷ್ಟೇ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವರು ಚೀಲದಿಂದ ಡಬ್ಬಿ ತೆಗೆದು ಎರಡು ಕೋಡುಬಳೆ ನನ್ನ ತಟ್ಟೆಗೆ ಹಾಕಿದರು. ತಿಂದೆ. ಚೆನ್ನಾಗಿಯೇ ಇತ್ತು, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ಮತ್ತೆ ಡೆಕ್ಕಿಗೆ ಬಂದು ಕೂತೆ. ಬಾಯಿ ಬಿಡದೆ ಇದ್ದದ್ದು ಸುಳ್ಳಾಗುತ್ತದೆಯೇ ಎಂದು ವಾದ ಹೂಡಿದೆ. ಕನ್ನಡ ಎಂ.ಎ. ಓದಿದವರಿಗೆ ವಾದಕ್ಕೇನು ಕಮ್ಮಿ! ಆಗ ಬಾಬಾಸಾಹೇಬರು ನೆನಪಾದರು. 1913ರಲ್ಲಿ ಹಡಗಿನಲ್ಲಿ ಹೋಗಿ ನ್ಯೂಯಾರ್ಕ್ ತಲುಪಿದಾಗ ಅವರಿಗೆ 22 ವರ್ಷ. ಕಡಲು ದಾಟಿದವನು ಜಾತಿಗೆಡುತ್ತಾನೆ ಎಂದು ಶಾಸ್ತ್ರ ಹೆದರಿಸುತ್ತಿತ್ತು. ಕೆಡಲು ಜಾತಿಯನ್ನೇ ಕೊಡದವರಿಗೆ ಆ ಹೆದರಿಕೆ ಎಲ್ಲಿಯದು? ಹೊರದೇಶದಲ್ಲಿದ್ದ ವರ್ಷಗಳಲ್ಲಿ ತಾವು ಅಸ್ಪೃಶ್ಯರೆಂಬುದೇ ಮರೆತುಹೋಗಿತ್ತು ಎಂದು ಅವರು ಬರೆದಿದ್ದಾರೆ. 1917ರಲ್ಲಿ ಮರಳಿ ಬರೋಡಕ್ಕೆ ಬಂದಾಗ ತಂಗಲು ಜಾಗವಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದವರು ಬಂದು ಹೊರಹಾಕಿದರು.

ಬಾಬಾಸಾಹೇಬರೇ ಹೆಸರು ಮುಚ್ಚಿಟ್ಟಿದ್ದರಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯೇ ನಾಚಿಕೆ. ಅವರಿಗೆ ರಾತ್ರಿ ತಲೆ ಇಡಲು ಬೇರೆ ಸೂರಿರಲಿಲ್ಲ, ಮುಂದೆ ಆ ಕಥೆಯನ್ನು ತಮ್ಮ ಕೈಯಾರೆ ಬರೆದಿಟ್ಟರು. ನನ್ನ ಕೋಣೆಯ ಕೀಲಿ ನನ್ನ ಕೈಲೇ ಇತ್ತು, ದುಡ್ಡು ಕಟ್ಟಿಯಾಗಿತ್ತು. ನಾನು ಹೆದರಿದ್ದು ಎರಡು ಕೋಡುಬಳೆಗೆ, ಒಂದು ನಗುಮುಖಕ್ಕೆ.

ಕಡಲಿನ ಎಂಟು ಗುಣಗಳನ್ನು ಹೇಳುವಾಗ ಭಗವಾನರು, ಗಂಗೆ ಯಮುನೆಯರು ಕಡಲು ಸೇರಿದ ಮೇಲೆ ಹಳೆಯ ಹೆಸರು ಬಿಡುವಂತೆ, ನಾಲ್ಕು ವರ್ಣದವರೂ ಸಂಘ ಸೇರಿದ ಮೇಲೆ ಹಳೆಯ ಕುಲನಾಮ ಬಿಡುತ್ತಾರೆ ಎಂದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆಯ ಮರುದಿನ, 1956ರ ಅಕ್ಟೋಬರ್ 15ರಂದು, ಜನರಿಗೆ ನೆನಪಿಸಿದ್ದೂ ಇದೇ ಹೋಲಿಕೆಯನ್ನು. ನಮ್ಮ ನಂಜನಗೂಡಿನ ಕಪಿಲೆ ನರಸೀಪುರದಲ್ಲಿ ಹೆಸರು ಕಳೆದುಕೊಂಡು ಕಾವೇರಿಯಾಗುತ್ತಾಳೆ, ಕಾವೇರಿ ಪೂಂಪುಹಾರಿನಲ್ಲಿ ಹೆಸರು ಕಳೆದುಕೊಳ್ಳುತ್ತಾಳೆ. ಹಡಗು ಸಾಗುತ್ತಿದ್ದದ್ದು ಆ ಬಂಗಾಳ ಕೊಲ್ಲಿಯಲ್ಲೇ. ಕಪಿಲೆ ಹೆಸರು ಬಿಡುತ್ತಾಳೆ, ಬಚ್ಚಿಡುವುದಿಲ್ಲ. ನಾನು ಮಾಡಿದ್ದು ಬಚ್ಚಿಟ್ಟದ್ದು.

ರಾತ್ರಿ ಅದೇ ಮೇಜು. ಕೂತ ತಕ್ಷಣ ಹೇಳಿಬಿಟ್ಟೆ: "ಅಕ್ಕ, ಮಧ್ಯಾಹ್ನ ನೀವು ಕೇಳಿದಾಗ ಸುಮ್ಮನಿದ್ದುಬಿಟ್ಟೆ. ನಾನು ಹುಟ್ಟಿದ್ದು ಹೊಲಗೇರೀಲಿ. ಈಗ ನಾವು ಬೌದ್ಧರು."

"ಓ, ಹೌದಾ" ಅಂದರು. ಅವರ ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಕೇಳಿದರು, "ಮತ್ತೆ ಮೊಸರನ್ನ ಯಾಕೆ ತಿಂತಿದ್ರಿ?"

"ಹಡಗು ತೂಗಿ ಹೊಟ್ಟೆ ತೊಳಸ್ತಿತ್ತು ಅಕ್ಕ."

ಆಕೆ ನಕ್ಕರು, ನಾನೂ ನಕ್ಕೆ. ಆದರೆ ಕೋಡುಬಳೆ ಡಬ್ಬಿ ಆ ರಾತ್ರಿ ಹೊರಗೆ ಬರಲಿಲ್ಲ. ಮರೆತರೋ, ಮರೆತಂತೆ ಇದ್ದರೋ.

ಊಟ ಮುಗಿಸಿ ಡೆಕ್ಕಿಗೆ ಹೋದೆ. ಕತ್ತಲು, ಗಾಳಿ. ತ್ರಿಸರಣ, ಪಂಚಶೀಲ ಹೇಳಿಕೊಂಡೆ. ಈ ಸಲ ಬಾಯಿ ಬಿಟ್ಟು, ಜೋರಾಗಿ.

ಭಾನುವಾರದ ಓದಿಗೆ ಬಾಬಾಸಾಹೇಬರ ‘ವೀಸಾಕ್ಕಾಗಿ ಕಾಯುತ್ತಾ’ ಇದ್ದವರು ತನ್ನಿ. ಬರೋಡದ ಭಾಗ ಓದೋಣ.

ಭವತು ಸಬ್ಬ ಮಂಗಲಂ.